ಎಸ್ಟೇಟಿನ ಷೆಡ್ಡು ಮತ್ತು ವಯಸ್ಸಿನ ಭ್ರಮೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಹಿರಿಯರು ಬಿಟ್ಟುಹೋದ ಹಳೆಯ ವಾಹನಗಳ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ಸಿದ್ಧಾಂತದ ಗತ್ತಿನಲ್ಲಿ ಕೇಳಿಬರುತ್ತದೆ. ಕಾರು ಹಳೆಯದಾದಷ್ಟೂ ಬೆಲೆ ಏರುತ್ತದೆ, ಷೆಡ್ಡಿನಲ್ಲಿ ನಿಂತ ಜೀಪು, ಲ್ಯಾಂಡ್‌ಮಾಸ್ಟರ್, ಫಿಯೆಟ್‌ಗಳು ನಿಂತಲ್ಲೇ ಬಲಿಯುವ ಆಸ್ತಿ, ಬೆಲೆ ಕಟ್ಟಲು ತಯಾರಾದ ಇಸವಿಯೊಂದು ತಿಳಿದರೆ ಸಾಕು ಎಂಬುದು ಅದರ ಸಾರ. ಪಾಲುಪಟ್ಟಿ ಬರೆಯಲು ಕುಳಿತ ಪಂಚಾಯತಿದಾರರೂ, ವಿದೇಶದ ಹರಾಜಿನ ಸುದ್ದಿಯನ್ನು ಬೆರಗಿನಿಂದ ಅಚ್ಚುಹಾಕುವ ಪತ್ರಿಕೆಗಳೂ, ಬೆಂಗಳೂರಿನಿಂದ ಬಂದು ತೋಟದ ಗೇಟಿನಲ್ಲಿ ಇಳಿಯುವ ದಲ್ಲಾಳಿಗಳೂ ಇದನ್ನು ಒಂದೇ ದನಿಯಲ್ಲಿ ಹೇಳುತ್ತಾರೆ, ದಲ್ಲಾಳಿಗಳು ಮಾತ್ರ ಹೇಳುವುದೊಂದು, ನೋಡುವುದು ಇನ್ನೊಂದು. ಈ ಅಭಿಪ್ರಾಯ ತಪ್ಪು. ಅದು ಬರಿಯ ತಪ್ಪಾಗಿದ್ದರೆ ಉಪೇಕ್ಷಿಸಬಹುದಿತ್ತು, ಆದರೆ ವಾಹನಕ್ಕೆ ನಿಜವಾಗಿ ಬೆಲೆ ತರುವ ಸಾಕ್ಷ್ಯಗಳು ಇದೇ ನಂಬಿಕೆಯ ಕೈಯಿಂದ ಹಾಳಾಗುತ್ತಿರುವುದರಿಂದ ಅದನ್ನು ಬೇರುಸಹಿತ ಪರೀಕ್ಷಿಸುವುದು ಅನಿವಾರ್ಯವಾಗುತ್ತದೆ.

ಈ ಗುಡ್ಡಗಳಿಗೆ ವಾಹನಗಳು ಬಂದ ಬಗೆಯನ್ನು ನೋಡಿದರೆ ವಯಸ್ಸಿನ ವಾದ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಸಕಲೇಶಪುರದ ಸುತ್ತಲಿನ ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ಕೃಷಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನೆಲೆಯೂರಿತು, 1856ರಲ್ಲಿ ಇಲ್ಲಿಗೆ ಬಂದ ರಾಬರ್ಟ್ ಎಲಿಯಟ್ ಎಂಬ ಸ್ಕಾಟಿಷ್ ಪ್ಲಾಂಟರ್ ತನ್ನ ಅನುಭವಗಳನ್ನು ಎರಡು ಪುಸ್ತಕಗಳಲ್ಲಿ ದಾಖಲಿಸಿದ್ದಾನೆ, 1893ರಲ್ಲಿ ಸಕಲೇಶಪುರದಲ್ಲಿ ಪ್ಲಾಂಟರುಗಳ ಮಂಜರಾಬಾದ್ ಕ್ಲಬ್ಬು ಸ್ಥಾಪನೆಯಾಯಿತು. ಈ ಹಿನ್ನೆಲೆಯಿಂದ ಹುಟ್ಟಿದ ಕಲ್ಪನೆಯೆಂದರೆ, ದೊರೆಗಳು ತೋಟ ಮಾರಿ ಹೋಗುವಾಗ ಬಂಗಲೆ, ಮೇಜು, ಕುರ್ಚಿಗಳ ಜೊತೆಗೆ ಅಪರೂಪದ ಕಾರುಗಳನ್ನೂ ಬಿಟ್ಟುಹೋದರು ಎಂಬುದು. ಅಲ್ಲೊಂದು ಇಲ್ಲೊಂದು ಅಂಥ ಕಾರು ಉಳಿದಿರುವುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇಂದು ಷೆಡ್ಡುಗಳಲ್ಲಿ ಕಾಣುವ ವಾಹನಗಳಲ್ಲಿ ಹೆಚ್ಚಿನವು ಮೈಸೂರು ಅರಮನೆಗೆ ಕಟ್ಟಿಸಿದಂಥ ಐಷಾರಾಮಿ ಕಾರುಗಳ ಸಂತಾನವಲ್ಲ, ಯುದ್ಧಾನಂತರದ ಮತ್ತು ಲೈಸೆನ್ಸ್ ರಾಜ್ಯದ ಕಾಲದ ದುಡಿಮೆಯ ಸರಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾಗಿ ಸರ್ಕಾರ ವಿಲೇವಾರಿ ಮಾಡಿದ ಜೀಪುಗಳು ಒಂದು ಬಗೆ. 1947ರಿಂದ ಮಹೀಂದ್ರ ಸಂಸ್ಥೆ ವಿಲ್ಲೀಸ್ ಕಂಪನಿಯ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸಲು ಆರಂಭಿಸಿ, ಮುಂದೆ ಲೈಸೆನ್ಸಿನ ಮೇಲೆ ಇಲ್ಲಿಯೇ ತಯಾರಿಸಿದ ಜೀಪುಗಳು ಇನ್ನೊಂದು ಬಗೆ. ಉಳಿದವು ಕಲ್ಕತ್ತಾ ಬಳಿಯ ಉತ್ತರಪಾರಾದಿಂದ ಬಂದ ಹಿಂದುಸ್ತಾನ್ ಮೋಟರ್ಸಿನ ಕಾರುಗಳು, ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸಿನ ಫಿಯೆಟ್‌ಗಳು, ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್‌ಗಳು. 1953ರ ಸುಂಕ ಆಯೋಗದ ವರದಿಯ ನಂತರ, ದೇಶದೊಳಗೆ ತಯಾರಿಕೆಯ ಯೋಜನೆಯಿಲ್ಲದೆ ಬರಿ ಜೋಡಣೆ ಮಾಡುತ್ತಿದ್ದ ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು ಭಾರತದಿಂದ ಹೊರನಡೆದವು, ಮುಂದಿನ ಮೂರು ದಶಕ ಕಾರು ಕೊಳ್ಳುವವನ ಆಯ್ಕೆ ಮೇಲಿನ ಮೂರು ಕಾರ್ಖಾನೆಗಳ ಬಾಗಿಲಲ್ಲೇ ಮುಗಿಯುತ್ತಿತ್ತು. ದೇಶವೆಲ್ಲ ಕೊಂಡದ್ದನ್ನೇ ಮಲೆನಾಡೂ ಕೊಂಡಿತು. ಎಲ್ಲರ ಮನೆಯಲ್ಲೂ ಇದ್ದದ್ದು ಐವತ್ತು ವರ್ಷ ಕಳೆದ ಮಾತ್ರಕ್ಕೆ ಅಪರೂಪದ್ದಾಗುವುದಿಲ್ಲ.

ಅಪರೂಪವೆಂಬುದು ಉಳಿದಿರುವ ಸಂಖ್ಯೆಗೂ ಬೇಡಿಕೆಗೂ ಇರುವ ಸಂಬಂಧ, ಕ್ಯಾಲೆಂಡರಿಗೂ ಅದಕ್ಕೂ ನೇರ ನಂಟಿಲ್ಲ. 1941ರಿಂದ 1945ರ ನಡುವೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಸೇನಾ ಜೀಪುಗಳನ್ನು ತಯಾರಿಸಿದವು. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಹೊರಬರುತ್ತಲೇ ಇತ್ತು. ಪತ್ರಿಕೆಗಳು ಮತ್ತೆ ಮತ್ತೆ ಉದಾಹರಿಸುವ ಹರಾಜನ್ನೇ ತೆಗೆದುಕೊಂಡರೂ ವಾದ ತಿರುಗಿ ಹೊಡೆಯುತ್ತದೆ. 2022ರಲ್ಲಿ 13.5 ಕೋಟಿ ಯೂರೋಗಳಿಗೆ ಮಾರಾಟವಾದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 1955ರ ಕಾರು. ಅದೇ ಹೊತ್ತಿಗೆ ಉತ್ತರಪಾರಾದಲ್ಲಿ ಲ್ಯಾಂಡ್‌ಮಾಸ್ಟರ್ ತಯಾರಾಗುತ್ತಿತ್ತು. ಎರಡಕ್ಕೂ ವಯಸ್ಸು ಒಂದೇ. ಒಂದಕ್ಕೆ ಲೋಕದ ಅತಿ ದೊಡ್ಡ ಬೆಲೆ ಸಿಕ್ಕಿದ್ದು ಅಂಥವು ಎರಡೇ ಎರಡು ತಯಾರಾದ ಕಾರಣಕ್ಕೆ, ಕಾರ್ಖಾನೆಯ ಒಡೆತನದಿಂದ ಆಚೆಗೆ ಹೋಗದ ಅದರ ಚರಿತ್ರೆಯಲ್ಲಿ ಒಂದು ದಿನವೂ ತಪ್ಪಿಹೋಗದ ಕಾರಣಕ್ಕೆ. ಇನ್ನೊಂದು ಅದೇ ಎಪ್ಪತ್ತು ಮಳೆಗಾಲಗಳನ್ನು ಕಂಡೂ ಷೆಡ್ಡಿನಲ್ಲಿ ಕೋಳಿಗಳಿಗೆ ಗೂಡಾಗಿರಬಹುದು.

ವಯಸ್ಸಿನ ಪಕ್ಷದವರು ಈಗ ಕಾನೂನನ್ನೂ ತಮ್ಮ ಕಡೆಗೆ ಕರೆಯುತ್ತಾರೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಬಹುದು, ಇಪ್ಪತ್ತು ಸಾವಿರ ರೂಪಾಯಿ ಶುಲ್ಕಕ್ಕೆ ಹತ್ತು ವರ್ಷಗಳ ನೋಂದಣಿ ದೊರೆಯುತ್ತದೆ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಈ 'ವಿಎ' ಫಲಕ ಬಿದ್ದೊಡನೆ ಬೆಲೆ ಇಮ್ಮಡಿಯಾಗುತ್ತದೆ ಎಂಬ ಮಾತು ತೋಟಗಳಲ್ಲಿ ಹಬ್ಬಿದೆ. ನಿಯಮದ ಉಳಿದ ಭಾಗವನ್ನು ಓದಿದವರು ಹಾಗೆ ಹೇಳಲಾರರು. ವಾಹನ ಮೂಲರೂಪದಲ್ಲಿಯೇ ಇರಬೇಕು, ಚಾಸಿಸ್ ಅಂದರೆ ವಾಹನದ ತಳಹದಿಯ ಉಕ್ಕಿನ ಚೌಕಟ್ಟು, ದೇಹದ ಹೊರಕವಚ ಮತ್ತು ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಒಂದು ಷರತ್ತು. ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ ಇಂಥ ಕೆಲಸಗಳಿಗಲ್ಲದೆ ರಸ್ತೆಗಿಳಿಸುವಂತಿಲ್ಲ ಎಂಬುದು ಇನ್ನೊಂದು. ಹೆತ್ತೂರಿನಿಂದ ಸಕಲೇಶಪುರದ ಸಂತೆಗೆ ಇಂದಿಗೂ ಹೋಗಿಬರುವ ಜೀಪಿಗೆ ಗೌರವದ ಫಲಕ ಹಾಕಿಸಿದ ಮಾಲೀಕನು ಅದೇ ದಿನ ಆ ಜೀಪಿನ ಕೆಲಸವನ್ನು ತನ್ನ ಕೈಯಾರೆ ನಿಲ್ಲಿಸಿರುತ್ತಾನೆ. ಐವತ್ತು ವರ್ಷವೆಂಬುದು ಆಡಳಿತದ ಅನುಕೂಲಕ್ಕೆ ಎಳೆದ ಗೆರೆ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು ಅದೇ ಗೆರೆಯನ್ನು 1930ಕ್ಕೆ ಎಳೆದಿದೆ, ಅಂತರರಾಷ್ಟ್ರೀಯ ಐತಿಹಾಸಿಕ ವಾಹನ ಒಕ್ಕೂಟವಾದ ಫಿವಾ ಮೂವತ್ತು ವರ್ಷ ಸಾಕೆನ್ನುತ್ತದೆ. ಗೆರೆ ಎಲ್ಲಿದ್ದರೂ ಅದರ ಆಚೀಚೆ ನಿಂತ ವಾಹನದ ಲೋಹ ಬದಲಾಗುವುದಿಲ್ಲ.

ವಿಮೆಯ ಲೋಕದಲ್ಲಂತೂ ವಯಸ್ಸಿನ ಅಳತೆಗೋಲು ಬೇಗನೆ ಮುರಿಯುತ್ತದೆ. ಭಾರತದ ಮೋಟಾರು ವಿಮಾ ದರಪಟ್ಟಿಯಲ್ಲಿ ವಾಹನದ ಘೋಷಿತ ಮೌಲ್ಯವನ್ನು, ಅಂದರೆ ಕಳವಾದರೆ ಅಥವಾ ಪೂರ್ಣ ನಾಶವಾದರೆ ವಿಮಾ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತವನ್ನು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಲೆಕ್ಕಹಾಕುವ ಕೋಷ್ಟಕವಿದೆ, ಆದರೆ ಆ ಕೋಷ್ಟಕ ಐದು ವರ್ಷಕ್ಕೆ ಮುಗಿಯುತ್ತದೆ. ಅದಕ್ಕಿಂತ ಹಳೆಯ ವಾಹನಕ್ಕೂ ತಯಾರಿಕೆ ನಿಂತ ಮಾದರಿಗೂ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಇಬ್ಬರೂ ಮಾತಾಡಿ ಒಪ್ಪಿಕೊಳ್ಳಬೇಕು. ಹಣ ಕೊಡಬೇಕಾದ ಕಂಪನಿಯೇ ಐದು ವರ್ಷದ ಆಚೆಗೆ ವಯಸ್ಸನ್ನು ನಂಬುವುದಿಲ್ಲ, ವಾಹನವನ್ನೇ ಕಣ್ಣಾರೆ ನೋಡಬೇಕೆನ್ನುತ್ತದೆ.

ಕಾಫಿ ಬೆಳೆಗಾರರಿಗೆ ಈ ಮಾತನ್ನು ವಿವರಿಸಬೇಕಾಗಿ ಬಂದಿರುವುದೇ ವಿಚಿತ್ರ. ಚೀಲವನ್ನು ತೂಗಿ ಹಣ ಎಣಿಸಿಕೊಂಡು ಬರುವ ಬೆಳೆಗಾರ ಈ ಸೀಮೆಯಲ್ಲಿ ಯಾರೂ ಇಲ್ಲ. ಐವತ್ತು ಕಿಲೋ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಒಳಗಿನಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಲೆಕ್ಕ, ತೇವಾಂಶದ ಲೆಕ್ಕ, ಕಪ್ಪು ಮತ್ತು ಒಡಕು ಬೀಜಗಳ ಲೆಕ್ಕ ಇವೆಲ್ಲ ಆದ ಮೇಲೆಯೇ ಚೀಲಕ್ಕೆ ದರ ನಿಗದಿಯಾಗುತ್ತದೆ, ಅರ್ಧ ಅಂಕಕ್ಕೂ ವ್ಯಾಪಾರಿಯೊಡನೆ ಜಗಳವಾಗುತ್ತದೆ. ಅದೇ ಬೆಳೆಗಾರರು ಷೆಡ್ಡಿನ ಬಾಗಿಲು ತೆರೆದೊಡನೆ ಚೀಲದ ತೂಕಕ್ಕೇ ತೃಪ್ತರಾಗುತ್ತಾರೆ.

ವಾಹನದ ಔಟ್‌ಟರ್ನ್ ಎಂದರೆ ಅದರ ಗುರುತು. ಈ ವಾಹನ ಯಾವುದು, ಯಾವ ಕಾರ್ಖಾನೆಯದು, ಕಾರ್ಖಾನೆ ಬಿಟ್ಟಾಗ ಇದ್ದ ಭಾಗಗಳಲ್ಲಿ ಎಷ್ಟು ಉಳಿದಿವೆ, ಅಂದಿನಿಂದ ಇಂದಿನವರೆಗೆ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳಿಗೆ ಸಾಕ್ಷ್ಯಸಹಿತ ಉತ್ತರ ದೊರೆತ ಮೇಲೆ ಮಾತ್ರ ಬೆಲೆಯೆಂಬ ಮಾತಿಗೆ ಅರ್ಥ ಬರುತ್ತದೆ. ಮಲೆನಾಡಿನಲ್ಲಿ ಹೆಚ್ಚು ತಪ್ಪಾಗುವುದು ಜೀಪಿನ ವಿಷಯದಲ್ಲಿ, ಏಕೆಂದರೆ ಇಲ್ಲಿ ಹಳೆಯ ಜೀಪೆಲ್ಲವೂ ವಿಲ್ಲೀಸ್, ವಿಲ್ಲೀಸೆಲ್ಲವೂ ಯುದ್ಧದ ಜೀಪು. ವಾಸ್ತವದಲ್ಲಿ ಯುದ್ಧಕಾಲದ ವಿಲ್ಲೀಸ್ ಎಂಬಿ ಮತ್ತು ಅದೇ ನಕ್ಷೆಯ ಫೋರ್ಡ್ ಜಿಪಿಡಬ್ಲ್ಯು ಅವಳಿಗಳಂತೆ ಕಂಡರೂ, ಮುಂಭಾಗದಲ್ಲಿ ರೇಡಿಯೇಟರಿನ ಕೆಳಗೆ ಚಾಸಿಸ್ಸಿನ ಎರಡು ತೊಲೆಗಳನ್ನು ಜೋಡಿಸುವ ಅಡ್ಡಪಟ್ಟಿ ವಿಲ್ಲೀಸಿನಲ್ಲಿ ದುಂಡನೆಯ ಕೊಳವೆಯಾಗಿದ್ದರೆ ಫೋರ್ಡಿನಲ್ಲಿ ಬೋರಲು ಹಾಕಿದ ದೋಣಿಯಂಥ ಪಟ್ಟಿಯಾಗಿರುತ್ತದೆ, ಫೋರ್ಡ್ ತನ್ನ ಸಣ್ಣಪುಟ್ಟ ಬೋಲ್ಟುಗಳ ತಲೆಯ ಮೇಲೂ ತನ್ನ ಹೆಸರಿನ ಮೊದಲ ಅಕ್ಷರವನ್ನು ಒತ್ತಿಸುತ್ತಿತ್ತು. ಯುದ್ಧ ಮುಗಿದ ಮೇಲೆ ರೈತರಿಗೆಂದು ಬಂದ ಸಿಜೆ-2ಎ ಜೀಪಿನ ಮುಖದಲ್ಲಿ ಒಂಬತ್ತು ಸೀಳುಗಳ ಬದಲು ಏಳು ಸೀಳುಗಳು, ಹಿಂದೆ ತೆರೆಯುವ ಬಾಗಿಲು. 1953ರಲ್ಲಿ ಬಂದ ಸಿಜೆ-3ಬಿಯ ಬಾನೆಟ್ಟು, ಒಳಗಿನ ಎತ್ತರದ ಎಂಜಿನ್ನಿಗೆ ಜಾಗ ಕೊಡಲೆಂದು, ಎದ್ದು ನಿಂತಂತಿರುತ್ತದೆ. ಮಹೀಂದ್ರ ದಶಕಗಳ ಕಾಲ ತಯಾರಿಸಿದ್ದು ಈ ಎತ್ತರ ಬಾನೆಟ್ಟಿನ ಮಾದರಿಯನ್ನೇ ಆದ್ದರಿಂದ, ಮಲೆನಾಡಿನ ಬಹುಪಾಲು 'ಯುದ್ಧದ ಜೀಪು'ಗಳು ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ ಹುಟ್ಟಿದವು. ಇದನ್ನು ತಿಳಿಯಲು ಪರಿಣತರು ಬೇಕಾಗಿಲ್ಲ, ಒಂದು ಟಾರ್ಚು, ಒಂದು ತಂತಿ ಬ್ರಷ್ಷು, ನೆಲದ ಮೇಲೆ ಮಲಗಿ ಅಡಿಗೆ ನೋಡುವ ತಾಳ್ಮೆ ಇದ್ದರಾಯಿತು.

ಕಾರುಗಳ ಗುರುತು ಇನ್ನೂ ಸುಲಭ. ಮುಂದಿನ ಬಾಗಿಲು ಹಿಂದಕ್ಕೆ ಹಿಂಜು ಹೊಂದಿ ಎದುರು ದಿಕ್ಕಿಗೆ ತೆರೆಯುತ್ತಿದ್ದರೆ ಆ ಫಿಯೆಟ್ಟು 1964ರ ಸುಮಾರಿಗೆ ಬಂದ 1100 ಡಿ ಮಾದರಿಗಿಂತ ಮುಂಚಿನದು. ಹಿಂದಿನ ಮಡ್‌ಗಾರ್ಡುಗಳ ತುದಿ ರೆಕ್ಕೆಯಂತೆ ಮೇಲೆದ್ದಿಲ್ಲದಿದ್ದರೆ ಅದು ಅಂಬಾಸಿಡರ್ ಅಲ್ಲ, ಅದರ ಹಿರಿಯನಾದ ಲ್ಯಾಂಡ್‌ಮಾಸ್ಟರ್. ಇಡೀ ಮುಂಭಾಗ ಮುಂದಕ್ಕೆ ಬಾಗಿ ಎಂಜಿನ್ನು ಬಯಲಾದರೆ ಅದು ಸ್ಟ್ಯಾಂಡರ್ಡ್ ಹೆರಾಲ್ಡ್. ಆದರೆ ಮಾದರಿಯ ಹೆಸರು ತಿಳಿದದ್ದು ಗುರುತಿನ ಅರ್ಧ ಮಾತ್ರ. ಉಳಿದರ್ಧ ಎರಡು ಸಂಖ್ಯೆಗಳಲ್ಲಿದೆ, ಚಾಸಿಸ್ಸಿನ ಮೇಲೆ ಒತ್ತಿರುವುದು ಮತ್ತು ಎಂಜಿನ್ನಿನ ಎರಕದ ಮೇಲೆ ಕೊರೆದಿರುವುದು. ಈ ಎರಡೂ ಆರ್‌ಸಿ ಪುಸ್ತಕದಲ್ಲಿ ಬರೆದದ್ದಕ್ಕೆ ತಾಳೆಯಾದರೆ, ವಾಹನ ಮೊದಲ ದಿನ ಹೊತ್ತಿದ್ದ ಎಂಜಿನ್ನನ್ನೇ ಇಂದಿಗೂ ಹೊತ್ತಿದೆ ಎಂದು ಹೇಳಲು ಆಧಾರ ದೊರೆಯುತ್ತದೆ, ಸಂಗ್ರಾಹಕರು ಹೆಚ್ಚಿನ ಹಣ ಕೊಡುವುದು ಈ ತಾಳೆಗೆ. ಕಾಗದಪತ್ರಗಳ ವಿಷಯದಲ್ಲಿ ಕಾಫಿ ಎಸ್ಟೇಟುಗಳಿಗೆ ಪೇಟೆಯ ಮನೆಗಳಿಗಿಲ್ಲದ ಒಂದು ಭಾಗ್ಯವಿದೆ. ಎಸ್ಟೇಟಿನ ರೈಟರು, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ, ಪೆಟ್ರೋಲು, ಟೈರು, ದುರಸ್ತಿಯ ಖರ್ಚನ್ನು ವಾಹನವಾರು ಬರೆದಿಟ್ಟ ಲೆಡ್ಜರುಗಳು ಎಷ್ಟೋ ತೋಟಗಳಲ್ಲಿ ಉಳಿದಿವೆ. 1953ರಿಂದ 1985ರವರೆಗೆ ಜಾರಿಯಲ್ಲಿದ್ದ ಮರಣೋತ್ತರ ಆಸ್ತಿ ತೆರಿಗೆಗಾಗಿ (ಎಸ್ಟೇಟ್ ಡ್ಯೂಟಿ), ಯಜಮಾನ ತೀರಿಕೊಂಡಾಗ ಆಸ್ತಿಯನ್ನು ಪಟ್ಟಿಮಾಡಿ ಸಲ್ಲಿಸಿದ ಲೆಕ್ಕಗಳ ಪ್ರತಿ ಕಡತದಲ್ಲಿದ್ದರೆ, ಆ ವಾಹನ ಅಂದು ಆ ಮನೆಯಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ. 'ಎಂವೈ' ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರ್ ಪ್ಲೇಟು, ತೆರಿಗೆ ಕಟ್ಟಿದ ಚೀಟಿ, ಕಣದಲ್ಲಿ ಕಾಫಿ ಹರಡಿರುವಾಗ ಹಿನ್ನೆಲೆಯಲ್ಲಿ ಕಾರು ಕಾಣುವ ಮದುವೆಯ ಫೋಟೊ ಇವೆಲ್ಲ ಬೆಲೆಯ ಭಾಗಗಳೇ. ವಯಸ್ಸನ್ನು ನಂಬಿದವರು ಇವನ್ನು ಗೆದ್ದಲು ಹಿಡಿದ ಕಸವೆಂದು ಒಲೆಗೆ ಹಾಕುತ್ತಾರೆ.

ಇಲ್ಲಿಗೆ ವಯಸ್ಸಿನ ಭ್ರಮೆಯ ಎರಡನೆಯ ಮುಖ ಎದುರಾಗುತ್ತದೆ. ಹಳೆಯದಾದ್ದರಿಂದ ಬೆಲೆ ಇದ್ದೇ ಇದೆ, ಕಾಣುವಂತೆ ಮಾಡುವುದಷ್ಟೇ ಬಾಕಿ ಎಂದು ತಿಳಿದ ವಾರಸುದಾರರು ಮೊದಲು ಮಾಡುವ ಕೆಲಸ ಟಿಂಕರಿಂಗ್ ಮತ್ತು ಪೇಂಟಿಂಗ್. ಷೆಡ್ಡಿನಿಂದ ನೇರವಾಗಿ ಗ್ಯಾರೇಜಿಗೆ ಹೋದ ವಾಹನದ ಬಣ್ಣವನ್ನು ಲೋಹ ಕಾಣುವವರೆಗೆ ಉಜ್ಜಲಾಗುತ್ತದೆ, ತುಕ್ಕು ತಿಂದ ಕಡೆ ಹೊಸ ತಗಡು ಬೆಸೆದು ಮೇಲೆ ಪುಟ್ಟಿ ಮೆತ್ತಲಾಗುತ್ತದೆ, ಡ್ಯಾಷ್‌ಬೋರ್ಡಿನ ಹಿತ್ತಾಳೆ ಫಲಕಗಳನ್ನು ಕಿತ್ತು ಡಬ್ಬಿಯಲ್ಲಿಟ್ಟವರು ಡಬ್ಬಿಯನ್ನೇ ಮರೆಯುತ್ತಾರೆ, ಚಾಸಿಸ್ಸಿನ ಮೇಲೆ ಮಸುಕಾಗಿ ಉಳಿದಿದ್ದ ಸಂಖ್ಯೆ ಗ್ರೈಂಡರಿನ ಒಂದು ಸುತ್ತಿಗೆ ಮಾಯವಾಗುತ್ತದೆ. ಹೊರಬರುವ ವಾಹನ ಮದುವೆಯ ಮೆರವಣಿಗೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ಯಾವ ವಾಹನ ಎಂಬುದನ್ನು ಇನ್ನು ಯಾರೂ ಖಚಿತವಾಗಿ ಹೇಳಲಾರರು. ದುರಸ್ತಿಗೆ ಸುರಿದ ಹಣವೂ ಮಾರಾಟದಲ್ಲಿ ಹಿಂದಿರುಗುವುದು ಅಪರೂಪ, ಏಕೆಂದರೆ ಬಲ್ಲ ಗ್ರಾಹಕನಿಗೆ ಹೊಸ ಬಣ್ಣವೆಂದರೆ ಅದರ ಅಡಿಯಲ್ಲಿ ಏನಿದೆಯೋ ಎಂಬ ಅನುಮಾನ.

ಈ ಗುಡ್ಡಗಳ ಹವೆಯಲ್ಲಿ ಆ ಅನುಮಾನಕ್ಕೆ ಸಕಾರಣವಿದೆ. ಆಲೂರಿನ ಪೂರ್ವದ ಅಂಚಿಗಿಂತ ಹಾನಬಾಳು, ಯಸಳೂರು, ಬಿಸಿಲೆಯ ಕಡೆಗೆ ಹೋದಂತೆ ಮಳೆ ಬಲವಾಗುತ್ತದೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೂ ಬಟ್ಟೆಯೂ ಒಣಗದ ದಿನಗಳಿರುತ್ತವೆ. ತುಕ್ಕು ಇಲ್ಲಿ ಮೇಲಿನಿಂದ ಬರುವುದಿಲ್ಲ, ಮಣ್ಣಿನ ನೆಲದ ತೇವದಿಂದ ಮೇಲಕ್ಕೇರಿ, ಫ್ಲೋರಿನ ತಗಡು, ಬಾಗಿಲ ಕೆಳಗಿನ ಪಟ್ಟಿ, ಪೆಟ್ಟಿಗೆಯಂತೆ ಮುಚ್ಚಿದ ತೊಲೆಗಳ ಒಳಮೈ ಇವನ್ನು ಮೊದಲು ತಿನ್ನುತ್ತದೆ. ಪ್ರತ್ಯೇಕ ಚಾಸಿಸ್ ಇರುವ ಜೀಪು, ಹೆರಾಲ್ಡ್‌ಗಳಲ್ಲಿ ಮೇಲಿನ ದೇಹ ಸಡಿಲವಾದರೂ ಅಡಿಪಾಯ ಉಳಿಯಬಹುದು. ದೇಹವೇ ಅಡಿಪಾಯವಾಗಿರುವ ಅಂಬಾಸಿಡರ್, ಫಿಯೆಟ್‌ಗಳಲ್ಲಿ ಫ್ಲೋರು ಹೋದರೆ ವಾಹನವೇ ಹೋದಂತೆ. ಹೀಗಾಗಿ ಎರಡು ಕಾರುಗಳು ಒಂದೇ ಮಾದರಿ, ಒಂದೇ ಇಸವಿಯವಾಗಿದ್ದರೂ ಒಂದು ಸಿಮೆಂಟು ನೆಲದ ಷೆಡ್ಡಿನಲ್ಲೂ ಇನ್ನೊಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ಮಣ್ಣು ನೆಲದಲ್ಲೂ ನಿಂತಿದ್ದರೆ ಅವುಗಳ ಬೆಲೆ ಒಂದೇ ಆಗುವುದು ಅಸಾಧ್ಯ.

ವಯಸ್ಸಿನ ಪಕ್ಷದ ಅತ್ಯಂತ ಸಮರ್ಥ ವಾದವನ್ನೂ ಇಲ್ಲಿ ಎದುರಿಸಬೇಕು. ಯುದ್ಧಪೂರ್ವದ ಕಾರುಗಳು ಹೇಗಿದ್ದರೂ ಹೆಚ್ಚು ಬೆಲೆ ಪಡೆಯುತ್ತವೆ, ಕಾಲ ಕಳೆದಂತೆ ಉಳಿದ ಸಂಖ್ಯೆ ಕಡಿಮೆಯಾಗುವುದರಿಂದ ವಯಸ್ಸು ಪರೋಕ್ಷವಾಗಿಯಾದರೂ ಬೆಲೆಯ ಸೂಚಕವೇ ಎಂದು ಅವರು ಹೇಳಬಹುದು. ಇದರಲ್ಲಿ ನಿಜವಿದೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ ರೂಪುಗೊಂಡ 'ಪಯಣ' ಸಂಗ್ರಹಾಲಯದಲ್ಲಿ ಜನ ಹಳೆಯ ಕಾರುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದರೆ ಅಚ್ಚರಿಯಿಲ್ಲ. ಆದರೆ ಯುದ್ಧಪೂರ್ವದ ಕಾರಿಗೆ ಬೆಲೆ ತಂದದ್ದು ಕೈಯಿಂದ ಕಟ್ಟಿದ ದೇಹ, ಕಡಿಮೆ ಸಂಖ್ಯೆ, ಹೆಸರಾಂತ ಒಡೆತನ ಮತ್ತು ಉಳಿದು ಬಂದ ಪೂರ್ಣತೆ, ಇವು ಆ ಕಾಲದ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದರಿಂದ ವಯಸ್ಸು ಅವುಗಳ ನೆರಳಿನಲ್ಲಿ ಮೆರೆಯುತ್ತದೆ. ನೆರಳನ್ನು ಅಳೆದು ಮರದ ಎತ್ತರ ಹೇಳುವ ಈ ವಿಧಾನ 1930ರ ಕಾರಿನಲ್ಲಿ ಸರಿಹೋದೀತು, 1960ರ ಕಾರ್ಖಾನೆ ಸರಕಿನಲ್ಲಿ ದಾರಿತಪ್ಪಿಸುತ್ತದೆ, ಮತ್ತು ಮಲೆನಾಡಿನ ಷೆಡ್ಡುಗಳಲ್ಲಿ ತುಂಬಿರುವುದು ಎರಡನೆಯದೇ.

ವಾರಸಿಕೆಯ ಘಟ್ಟದಲ್ಲಿ ಈ ಭ್ರಮೆ ಮಾಡುವ ಹಾನಿಗೆ ಲೆಕ್ಕವಿಲ್ಲ. ಮೂವರು ವಾರಸುದಾರರ ಒಂದು ಮನೆಯನ್ನು ಊಹಿಸಿಕೊಂಡರೆ, ವಯಸ್ಸಿನ ಕ್ರಮದಲ್ಲಿ ಹಿರಿಯನಿಗೆ ಜೀಪು, ನಡುವಿನವನಿಗೆ ಲ್ಯಾಂಡ್‌ಮಾಸ್ಟರ್, ಕಿರಿಯವಳಿಗೆ ಫಿಯೆಟ್ ಎಂದು ಬರೆದು ಪಂಚಾಯತಿ ಮುಗಿಸಲಾಗುತ್ತದೆ, 'ಇತರೆ ಹಳೆ ಸಾಮಾನು' ಎಂಬ ಸಾಲಿನಲ್ಲಿ ಉಳಿದದ್ದೆಲ್ಲ ಹೋಗುತ್ತದೆ. ಆ ಉಳಿದದ್ದರಲ್ಲಿ, ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದಾಗ ಬಿಚ್ಚಿ ಗೋಣಿ ಮುಚ್ಚಿಟ್ಟ ಮೂಲ ಪೆಟ್ರೋಲ್ ಎಂಜಿನ್ನು ಇರುತ್ತದೆ, ಲ್ಯಾಂಡ್‌ಮಾಸ್ಟರಿನ ಬಂಪರು ಇರುತ್ತದೆ, ಮೂರೂ ವಾಹನಗಳ ಕಾಗದಗಳಿದ್ದ ತಗಡಿನ ಪೆಟ್ಟಿಗೆ ಇರುತ್ತದೆ. ಎಂಜಿನ್ನು ಗುಜರಿಯವನ ತಕ್ಕಡಿಗೆ ಕಿಲೋ ಲೆಕ್ಕದಲ್ಲಿ ಏರಿದ ದಿನ ಹಿರಿಯನ ಜೀಪಿನ ಬೆಲೆಯ ದೊಡ್ಡ ಭಾಗವೂ ಅದರ ಜೊತೆಗೇ ಹೋಯಿತೆಂಬುದು ಪಾಲುಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ದಲ್ಲಾಳಿ ಈ ಹೊತ್ತಿಗಾಗಿಯೇ ಕಾದಿರುತ್ತಾನೆ. ಅವನು ವರ್ಷವನ್ನು ಹೊಗಳುತ್ತ ಕಾಗದವನ್ನು ಕೇಳುತ್ತಾನೆ, ಓಡದ ವಾಹನವನ್ನು ಮರುಕದಿಂದ ಕೊಳ್ಳುವವನ ಕಣ್ಣು ನಿಜವಾಗಿ ಆರ್‌ಸಿ ಪುಸ್ತಕ ಮತ್ತು ಸಂಖ್ಯೆ ಇರುವ ಚಾಸಿಸ್ ತುಂಡಿನ ಮೇಲೆ ಇರುತ್ತದೆ.

ಕಾನೂನಿನ ಗಡುವುಗಳನ್ನೂ ಈ ನಿಶ್ಚಿಂತೆ ನುಂಗುತ್ತದೆ. ನೋಂದಾಯಿತ ಮಾಲೀಕ ತೀರಿಕೊಂಡಾಗ ವಾಹನ ಯಾರ ಸ್ವಾಧೀನಕ್ಕೆ ಬರುತ್ತದೋ ಅವರು ಮೂವತ್ತು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಎಂಜಿನ್ ಬದಲಾಗಿದ್ದರೆ ಅದನ್ನು ಪುಸ್ತಕದಲ್ಲಿ ದಾಖಲಿಸಿರಬೇಕು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಕಾರಿನ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಆರು ನೂರು ರೂಪಾಯಿಯಿಂದ ಐದು ಸಾವಿರಕ್ಕೆ ಏರಿತು. ಅಜ್ಜನ ಹೆಸರಿನಲ್ಲೇ ಉಳಿದು ಎರಡು ತಲೆಮಾರು ನವೀಕರಣ ಕಾಣದ ವಾಹನವನ್ನು ಸಕಲೇಶಪುರದ ಸಾರಿಗೆ ಕಚೇರಿಯ ಮುಂದೆ ತಂದು ನಿಲ್ಲಿಸಿದಾಗ, ಅದರ ವಯಸ್ಸು ಆಸ್ತಿಯಾಗಿ ಅಲ್ಲ, ಬಾಕಿಯಾಗಿ ಲೆಕ್ಕಕ್ಕೆ ಬರುತ್ತದೆ. ತೆರಿಗೆಯ ವಿಷಯವೂ ಹೀಗೆಯೇ. ಸ್ವಂತ ಬಳಕೆಯ ಚರವಸ್ತುವನ್ನು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂಬುದು ಆದಾಯ ತೆರಿಗೆ ಕಾನೂನಿನ ಹಳೆಯ ರಿಯಾಯಿತಿ, ಆದರೆ 1931ರ ಒಂದು ಫೋರ್ಡ್ ಟೂರರ್ ಕಾರಿನ ಪ್ರಕರಣದಲ್ಲಿ ಮುಂಬೈ ಉಚ್ಚ ನ್ಯಾಯಾಲಯ 2025ರಲ್ಲಿ, ಕಾರು ಬಳಕೆಗೆ ಯೋಗ್ಯವಾಗಿತ್ತು ಎಂದರೆ ಸಾಲದು, ಮಾಲೀಕ ಅದನ್ನು ನಿಜವಾಗಿ ಸ್ವಂತಕ್ಕೆ ಬಳಸುತ್ತಿದ್ದ ಎಂಬುದಕ್ಕೆ ಪುರಾವೆ ಬೇಕು ಎಂಬ ನಿಲುವನ್ನು ಎತ್ತಿಹಿಡಿಯಿತು. ಬೀಗ ಹಾಕಿ ಇಟ್ಟರೆ ಬೆಲೆ ಬೆಳೆಯುತ್ತದೆ ಎಂದು ನಂಬಿದವರಿಗೆ ಬೀಗವೇ ತೆರಿಗೆಯ ನೋಟೀಸಾಗಿ ತೆರೆದುಕೊಳ್ಳಬಹುದು.

ಉಳಿಯುವುದು ಒಂದು ಕಠಿಣ ಪ್ರಶ್ನೆ. ಗುರುತು ಮತ್ತು ಮೂಲರೂಪವೇ ಬೆಲೆಯ ಆಧಾರವಾದರೆ, ಮಲೆನಾಡು ತನ್ನ ಕೈಯಾರೆ ಬದಲಾಯಿಸಿದ ಜೀಪುಗಳ ಗತಿಯೇನು? ಪೆಟ್ರೋಲಿನ ಖರ್ಚು ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸಿದ, ಕಾಫಿ ಚೀಲಕ್ಕೂ ಆಳು ಸಾಗಿಸಲಿಕ್ಕೂ ಎಂದು ಹಿಂಭಾಗವನ್ನು ಉದ್ದ ಮಾಡಿಸಿದ, ಮಳೆಗೆ ತಗಡಿನ ಮಾಡು ಹೊದಿಸಿದ ಜೀಪುಗಳು ಪ್ರತಿ ಹೋಬಳಿಯಲ್ಲೂ ಇವೆ. 2021ರ ನಿಯಮ ಇವನ್ನು ವಿಂಟೇಜ್ ಎಂದು ಒಪ್ಪಲಾರದು, ಹರಾಜುದಾರ ತಿರುಗಿಯೂ ನೋಡಲಾರ. ಆದರೆ ಮೂಲರೂಪವೆಂದರೆ ಕಾರ್ಖಾನೆಯ ಬಾಗಿಲು ದಾಟಿದ ಕ್ಷಣದ ರೂಪ ಮಾತ್ರ ಎಂಬ ಈ ಹಠವೂ ವಯಸ್ಸಿನ ಭ್ರಮೆಯ ಇನ್ನೊಂದು ವೇಷವೇ, ಹುಟ್ಟಿದ ದಿನವೊಂದನ್ನೇ ದೊಡ್ಡದು ಮಾಡಿ ಬದುಕಿದ ಕಾಲವನ್ನು ಸೊನ್ನೆ ಎಂದು ಅದು ಬಗೆಯುತ್ತದೆ. ಫಿವಾ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ಹೆಚ್ಚು ವಿವೇಕದಿಂದ ಮಾತಾಡುತ್ತದೆ, ವಾಹನ ದುಡಿಯುತ್ತಿದ್ದ ಕಾಲದಲ್ಲಿ ಅದರ ಮೇಲಾದ ಬದಲಾವಣೆಗಳೂ ಅದರ ಚರಿತ್ರೆಯ ಭಾಗ, ಅವನ್ನು ಅಳಿಸಿ ಹುಟ್ಟಿದ ದಿನಕ್ಕೆ ಮರಳಿಸಬೇಕಾಗಿಲ್ಲ ಎಂಬುದು ಅದರ ಆಶಯ. ಬಾಳ್ಳುಪೇಟೆಯ ಅಥವಾ ಕೆಂಚಮ್ಮನ ಹೊಸಕೋಟೆಯ ಬೆಸುಗೆ ಅಂಗಡಿಯೊಂದರಲ್ಲಿ ಉದ್ದವಾದ ಜೀಪಿನ ಬೆಸುಗೆಯ ಗೆರೆ, ಅದನ್ನು ಮಾಡಿಸಿದ ವರ್ಷ, ಆ ಖರ್ಚು ದಾಖಲಾದ ಲೆಡ್ಜರಿನ ಪುಟ ಇವು ಒಟ್ಟಿಗೆ ಉಳಿದರೆ, ಕಾಫಿ ಆರ್ಥಿಕತೆ ಪೆಟ್ರೋಲಿನಿಂದ ಡೀಸೆಲಿಗೆ ಹೊರಳಿದ ಬಗೆಯನ್ನು ತಿಳಿಯಬಯಸುವ ಸಂಶೋಧಕನಿಗೆ ಕಾರ್ಖಾನೆಯ ಸ್ಥಿತಿಯಲ್ಲಿ ಹೊಳೆಯುವ ಹತ್ತು ಜೀಪುಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಇಂದಿನ ಮಾರುಕಟ್ಟೆ ಅದಕ್ಕೆ ಹಣ ಕೊಡುವುದಿಲ್ಲ ಎಂಬುದು ನಿಜ, ಪಾಲುಪಟ್ಟಿಯಲ್ಲಿ ಅಂಥ ಜೀಪಿಗೆ ಮಾರುಕಟ್ಟೆಯ ದರವನ್ನೇ ಬರೆಯಬೇಕೆಂಬುದೂ ನ್ಯಾಯ. ಹಾಗೆ ಬರೆಯುವಾಗ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಬಿಚ್ಚಿಟ್ಟ ಮೂಲ ಭಾಗಗಳು, ಕಾಗದದ ಪೆಟ್ಟಿಗೆ ಮತ್ತು ಮಾರ್ಪಾಡಿನ ವಿವರ ಇಷ್ಟನ್ನೂ ಅದೇ ಸಾಲಿನಲ್ಲಿ ಸೇರಿಸಿ, ಅವೆಲ್ಲ ಒಬ್ಬರ ಪಾಲಿಗೇ ಹೋಗುವಂತೆ ನೋಡಿಕೊಂಡರೆ, ತಯಾರಾದ ಇಸವಿಯನ್ನು ಬರೆಯಲು ಮರೆತರೂ ಅಂಥ ನಷ್ಟವೇನಿಲ್ಲ.